ಮಹಿಳೆಯರಲ್ಲಿ ಪಾರ್ಶ್ವವಾಯು: ಎಚ್ಚರ ಬಸಿರಿನಿಂದಲೇ ಆರಂಭವಾಗಲಿ

ಪಾರ್ಶ್ವವಾಯು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಊರುಗೋಲು ಹಿಡಿದ ವಯೋವೃದ್ಧರು. ಜನರ ಬಾಯಲ್ಲಿ ‘ಲಕ್ವ’ ಎನಿಸಿಕೊಂಡ ಈ ವ್ಯಾಧಿಯು ವಯಸ್ಸಾದಂತೆ ಹೆಚ್ಚುವುದೇನೋ ನಿಜ. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಅದರ ಮೊದಲ ಮುನ್ಸೂಚನೆ ಕೆಲವೊಮ್ಮೆ ಬಸಿರು-ಬಾಣಂತನದ ದಿನಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮನೆಯವರೆಲ್ಲ ಮಗುವಿನ ಸಂಭ್ರಮದಲ್ಲಿರುವಾಗ ಅದನ್ನು ಗಮನಿಸುವವರು ಕಡಿಮೆ. ಆದ್ದರಿಂದ ನಾವು ಈ ತಿಂಗಳು ಅಲ್ಲಿಂದಲೇ ಆರಂಭಿಸುತ್ತೇವೆ.

ಮೆದುಳಿಗೆ ರಕ್ತವನ್ನು ಒಯ್ಯುವ ನಾಳದಲ್ಲಿ ರಕ್ತದ ಹೆಪ್ಪು ಸಿಲುಕಿದರೆ, ಇಲ್ಲವೇ ನಾಳವೇ ಒಡೆದು ರಕ್ತ ಸೋರಿದರೆ, ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. ಇವೆರಡೂ ಬಹುತೇಕ ಎಲ್ಲರಿಗೂ ತಿಳಿದ ಬಗೆಗಳು. ಮೂರನೆಯದೊಂದಿದೆ: ಮೆದುಳಿನಿಂದ ಹೃದಯದತ್ತ ರಕ್ತವನ್ನು ಮರಳಿಸುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಇದು ವಿರಳವಾದರೂ ಬಾಣಂತಿಯರನ್ನು ವಿಶೇಷವಾಗಿ ಬಾಧಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇಂತಹ ಬಾಣಂತಿಯರಿಗೆ ಚಿಕಿತ್ಸೆ ನೀಡುತ್ತ ದಶಕಗಳಿಂದ ಇದನ್ನು ಅಭ್ಯಸಿಸಿದ್ದಾರೆ.

ಕಾರಣ ಸರಳವಾಗಿದೆ. ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವಾಗದಿರಲೆಂದು ತಾಯಿಯ ರಕ್ತವು ಬಸಿರಿನಲ್ಲಿಯೇ ಬೇಗ ಹೆಪ್ಪುಗಟ್ಟುವ ಗುಣವನ್ನು ಪಡೆದಿರುತ್ತದೆ. ಹೆರಿಗೆಯಾದ ಮೇಲೂ ಈ ಗುಣ ಕೆಲವು ವಾರಗಳ ಕಾಲ ಉಳಿಯುತ್ತದೆ. ಇದೇ ಅವಧಿಯಲ್ಲಿ ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿಯಿದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬ ನಂಬಿಕೆ. ಬಾಗಿಲು ಮುಚ್ಚಿದ ಬೆಚ್ಚನೆಯ ಕೋಣೆ, ಕೆಂಡದ ಕಾವು, ಕೂಸಿಗೆ ಹಾಲೂಡಿಸುವಿಕೆ, ಇವೆಲ್ಲವೂ ದೇಹದ ನೀರನ್ನು ತೆಗೆಯುತ್ತವೆ; ಒಳಗೆ ಹೋಗುವುದು ಮಾತ್ರ ಅರ್ಧ ಲೋಟ. ದೇಹದಲ್ಲಿ ನೀರು ಕಡಿಮೆಯಾದಂತೆ ರಕ್ತ ಗಟ್ಟಿಯಾಗಿ, ಹೆಪ್ಪುಗಟ್ಟುವುದು ಮತ್ತಷ್ಟು ಸುಲಭವಾಗುತ್ತದೆ.

ಹಿರಿಯರ ಬಾಣಂತನವನ್ನು ನಾವು ಹಗುರವಾಗಿ ಕಾಣುವವರಲ್ಲ. ಎಣ್ಣೆ ಸ್ನಾನ, ಬಿಸಿಯೂಟ, ತವರಿನ ವಿಶ್ರಾಂತಿಗಳಲ್ಲಿ ಹೆಚ್ಚಿನ ಅರ್ಥವಿದೆ. ನೀರಿನ ನಿರ್ಬಂಧವೊಂದನ್ನು ಮಾತ್ರ ಅಜ್ಜಿಯಂದಿರು ಬಿಟ್ಟುಬಿಡಬೇಕೆಂದು ಕೇಳಿಕೊಳ್ಳುತ್ತೇವೆ. ತಣ್ಣೀರು ಬೇಡವೆನಿಸಿದರೆ ಕಾಯಿಸಿ ಆರಿಸಿದ ಬೆಚ್ಚನೆಯ ನೀರನ್ನೇ ಕೊಡಲಿ. ಆದರೆ ಬಾಯಾರಿಕೆ ತೀರುವಷ್ಟು, ಕೂಸು ಹಾಲು ಕುಡಿದ ಪ್ರತಿ ಸಲವೂ ಕೊಡಲಿ.

ಬಾಣಂತಿಗೆ ಎಡೆಬಿಡದ ತೀವ್ರ ತಲೆನೋವು, ವಾಂತಿ, ಕಣ್ಣು ಮಂಜಾಗುವಿಕೆ, ಕೈಕಾಲಿನ ನಿಶ್ಶಕ್ತಿ, ಫಿಟ್ಸ್ ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ, ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಳಿ ಸೋಕಿದೆ, ದೃಷ್ಟಿ ತಾಗಿದೆ ಎಂದು ಎರಡು ದಿನ ಕಳೆದರೆ ಗುಣವಾಗಬಹುದಾಗಿದ್ದ ರೋಗವು ಕೈಮೀರಬಹುದು.

ಇನ್ನೊಂದು ಮುನ್ಸೂಚನೆ ತಾಯಿ ಕಾರ್ಡಿನಲ್ಲಿಯೇ ಬರೆದಿರುತ್ತದೆ. ಬಸಿರಿನ 20 ವಾರಗಳ ನಂತರ ರಕ್ತದೊತ್ತಡವು 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದನ್ನು ಗರ್ಭನಂಜು ಎನ್ನುತ್ತಾರೆ. ಹೆರಿಗೆಯ ನಂತರ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ. ಕಾರ್ಡು ಟ್ರಂಕಿನ ತಳ ಸೇರುತ್ತದೆ. ಆದರೆ ಗರ್ಭನಂಜು ಬಂದಿದ್ದ ತಾಯಂದಿರಿಗೆ ಮುಂದಿನ ಬದುಕಿನಲ್ಲಿ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು. ಅಂಥವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಯಾವ ವೈದ್ಯರ ಬಳಿ ಹೋದರೂ, ಅವರು ಕೇಳದಿದ್ದರೂ, “ಬಸಿರಿನಲ್ಲಿ ನನಗೆ ಬಿಪಿ ಇತ್ತು” ಎಂದು ಹೇಳಬೇಕು.

ಮಾತ್ರೆಗಳ ವಿಷಯವನ್ನೂ ಹೇಳಲೇಬೇಕು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತವೆ. ರಕ್ತದೊತ್ತಡವಿರುವವರಿಗೆ, ಕಣ್ಣ ಮುಂದೆ ಬೆಳಕಿನ ಗೆರೆಗಳು ಮಿಂಚಿ ಅರೆತಲೆನೋವು ಬರುವವರಿಗೆ ಅವು ತಕ್ಕುದಲ್ಲ. ಹಬ್ಬ, ಜಾತ್ರೆ, ಮದುವೆಗಳಿಗಾಗಿ ಮುಟ್ಟನ್ನು ಮುಂದೂಡಲು ಅಂಗಡಿಯಿಂದ ನೇರವಾಗಿ ಮಾತ್ರೆ ತಂದು ನುಂಗುವುದೂ ಅಪಾಯಕ್ಕೆ ಎಡೆಮಾಡುತ್ತದೆ. ಮುಟ್ಟನ್ನು ಸೂತಕವೆಂದು ಒಪ್ಪದ ಶರಣರ ಪರಂಪರೆಯ ಮನೆಗಳಲ್ಲಿ ಆ ಮಾತ್ರೆಗೆ ಏನು ಕೆಲಸವೆಂದು ನಮಗೆ ಆಶ್ಚರ್ಯವಾಗುತ್ತದೆ.

ನಡುವಯಸ್ಸಿಗೆ ಬಂದ ಮೇಲೆ ಮುಖ್ಯ ಶತ್ರು ರಕ್ತದೊತ್ತಡವೇ. ಅದು ನೋವಿಲ್ಲದೆ, ಸದ್ದಿಲ್ಲದೆ ಏರುತ್ತದೆ. ಮನೆಯವರ ಮಾತ್ರೆಗಳನ್ನು ಹೊತ್ತುಹೊತ್ತಿಗೆ ನೆನಪಿಸುವ ತಾಯಿ ತನ್ನ ತೋಳಿಗೆ ಒಮ್ಮೆಯೂ ಆ ಪಟ್ಟಿ ಕಟ್ಟಿಸಿಕೊಂಡಿರುವುದಿಲ್ಲ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಎರಡನ್ನೂ ಉಚಿತವಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ. ಮಾತ್ರೆ ಆರಂಭಿಸಿದವರು ‘ಈಗ ಬಿಪಿ ನಾರ್ಮಲ್ ಆಗಿದೆ’ ಎಂದು ತಾವಾಗಿ ನಿಲ್ಲಿಸಬಾರದು. ನಾರ್ಮಲ್ ಆಗಿರುವುದೇ ಮಾತ್ರೆಯಿಂದ. ಶ್ರಾವಣದ ಉಪವಾಸ, ಶಿವರಾತ್ರಿಗಳಂದೂ ಮಾತ್ರೆ ತಪ್ಪಿಸಲಾಗದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮಾತ್ರ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಿಯೇ ನಡೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಆ ಲೆಕ್ಕದೊಳಗೇ ಬರಬೇಕು. ಎಲೆ-ಅಡಿಕೆಯ ಜೊತೆಗಿನ ತಂಬಾಕನ್ನು ಬಿಟ್ಟರೆ ಇನ್ನೂ ಲೇಸು.

ಇಷ್ಟಾಗಿಯೂ ಬಾಯಿ ಒಂದು ಕಡೆಗೆ ವಾಲಿದರೆ, ಎತ್ತಿದ ಒಂದು ತೋಳು ಕೆಳಗಿಳಿದರೆ, ಮಾತು ತೊದಲಿದರೆ ಗಡಿಯಾರವನ್ನು ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ಬಾಯಿಗೆ ನೀರು, ಔಷಧ ಏನನ್ನೂ ಹಾಕಬಾರದು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ, ಸಿ.ಟಿ. ಸ್ಕ್ಯಾನ್ ಮಾಡಿದ ಮೇಲೆಯೇ ಕೊಡಲು ಸಾಧ್ಯ. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋದಂತೆ ಕಂಡರೂ ಹೋಗಬೇಕು. ಹಾಗೆ ಬಂದು ಹೋಗುವ ಲಕ್ಷಣದ ಬೆನ್ನಿಗೇ, ಕೆಲವೇ ದಿನಗಳಲ್ಲಿ, ದೊಡ್ಡ ಆಘಾತ ಬರುವುದುಂಟು.