ಬಾಡಿಗೆ ಏರಿತೆಂದಾಗ ನಾವು ತಿಳಿದಿರಬೇಕಾದ ಮಾತುಗಳು

ಅನ್ನ, ಅರಿವೆ, ಆಶ್ರಯ ಇವು ಮನುಷ್ಯನ ಮೂರು ಮುಖ್ಯ ಅವಶ್ಯಕತೆಗಳೆಂದು ಪೌರನೀತಿಯ ಪಾಠದಲ್ಲಿ ನಾವು ಓದುತ್ತೇವೆ. ಸ್ವಂತ ಮನೆಯಿಲ್ಲದವರು ಈ ಮೂರನೆಯದಕ್ಕೆ ಪ್ರತಿ ತಿಂಗಳೂ ಹಣ ತೆರಬೇಕು. ನಮ್ಮ ಸೊಲ್ಲಾಪುರದಲ್ಲಿ ಗಿರಣಿ, ಮಗ್ಗ, ಬೀಡಿ ಕೆಲಸಗಳನ್ನು ನೆಚ್ಚಿ ಬಾಳಿದ ಎಷ್ಟೋ ಕನ್ನಡ ಮನೆತನಗಳು ಹಳೆಯ ವಾಡೆ, ಚಾಳುಗಳಲ್ಲಿ ಬಾಡಿಗೆಗೆ ಇದ್ದುಕೊಂಡೇ ಮಕ್ಕಳನ್ನು ಓದಿಸಿವೆ. ಆದ್ದರಿಂದ ಬಾಡಿಗೆಯ ಕಾಯಿದೆಯನ್ನು ಸ್ವಲ್ಪವಾದರೂ ಅರಿತಿರುವುದು ವಿದ್ಯಾರ್ಥಿಗಳಿಗೂ ಪಾಲಕರಿಗೂ ಅಗತ್ಯವೆಂದು ನಾವು ಭಾವಿಸುತ್ತೇವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ವಾಡೆಯೊಂದರಲ್ಲಿ ಒಂದು ಕುಟುಂಬವು ತಿಂಗಳಿಗೆ 500 ರೂಪಾಯಿ ಬಾಡಿಗೆ ಕೊಟ್ಟು ಬಹುಕಾಲದಿಂದ ವಾಸವಾಗಿದೆ ಎನ್ನೋಣ. ಒಂದು ದಿನ ಮಾಲಕರು ಬಾಗಿಲಲ್ಲಿ ನಿಂತು, "ಬರೋ ಒಂದನೇ ತಾರೀಖಿನಿಂದ ಸಾವಿರ ರೂಪಾಯಿ. ಒಪ್ಪಿಗೆ ಇದ್ರ ಇರ್ರಿ, ಇಲ್ಲಂದ್ರ ಮನಿ ಬಿಡ್ರಿ" ಎನ್ನುತ್ತಾರೆ. ಕೈಯಲ್ಲಿ ಕಾಗದವಿಲ್ಲ, ಲೆಕ್ಕವಿಲ್ಲ, ಕಾಲಾವಕಾಶವಿಲ್ಲ. ಈಗ ಆ ಮನೆಯವರು ಏನು ಮಾಡಬೇಕು?

ಸಾಮಾನ್ಯವಾಗಿ ಜನರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಹೆದರಿ ಕೇಳಿದಷ್ಟು ಕೊಟ್ಟುಬಿಡುತ್ತಾರೆ. ಕೆಲವರು ಸಿಟ್ಟಿಗೆದ್ದು ಬಾಡಿಗೆಯನ್ನೇ ನಿಲ್ಲಿಸಿಬಿಡುತ್ತಾರೆ. ಮೊದಲನೆಯ ದಾರಿಯಲ್ಲಿ ಹಣ ಹೋಗುತ್ತದೆ. ಎರಡನೆಯ ದಾರಿಯಲ್ಲಿ ಮನೆಯೇ ಹೋಗಬಹುದು. ಏಕೆಂದರೆ ಬಾಡಿಗೆ ಬಾಕಿ ಉಳಿಸಿಕೊಂಡವನ ಮೇಲೆ ಮಾಲಕರು ದಾವೆ ಹೂಡಲು ಕಾಯಿದೆ ಅವಕಾಶ ಕೊಟ್ಟಿದೆ. ನಮ್ಮ ತಕರಾರು ಇರುವುದು ಹೆಚ್ಚಳದ ಬಗೆಗೆ. ಕೊಡಬೇಕಾದ ಬಾಡಿಗೆಯ ಬಗೆಗೆ ಅಲ್ಲ. ಈ ಒಂದು ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು.

ಈಗ ಕಾಯಿದೆಯನ್ನು ನೋಡೋಣ. ಹಿಂದೆ ನಮ್ಮಲ್ಲಿ 1947ರ ಮುಂಬಯಿ ಬಾಡಿಗೆ ಕಾಯಿದೆ ಜಾರಿಯಲ್ಲಿತ್ತು. ಅದರ ಸ್ಥಾನದಲ್ಲಿ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಬಂದಿತು. ಅದು 2000ದ ಮಾರ್ಚ್ 31ರಿಂದ ಜಾರಿಗೆ ಬಂದಿದೆ. ಈ ಕಾಯಿದೆಯಲ್ಲಿ 'ಪ್ರಮಾಣ ಬಾಡಿಗೆ' ಎಂಬ ಕಲ್ಪನೆಯಿದೆ. ನ್ಯಾಯಾಲಯವು ಮೊದಲೇ ಬಾಡಿಗೆ ನಿಗದಿ ಮಾಡಿದ್ದರೆ ಅದೇ ಪ್ರಮಾಣ. ಹಾಗೆ ಮಾಡಿರದಿದ್ದರೆ, 1987ರ ಅಕ್ಟೋಬರ್ 1ರಂದು ಆ ಮನೆಗೆ ಇದ್ದ ಬಾಡಿಗೆಯನ್ನು ಆಧಾರವಾಗಿ ಹಿಡಿಯಲಾಗುತ್ತದೆ. ಅದರ ಮೇಲೆ ವರ್ಷಕ್ಕೆ ನೂರಕ್ಕೆ 4ರಂತೆ ಏರಿಸಲು ಮಾಲಕರಿಗೆ ಹಕ್ಕುಂಟು. ಹಾಗಾದರೆ 500 ರೂಪಾಯಿಗೆ ಒಂದು ವರ್ಷದ ಹೆಚ್ಚಳ 20 ರೂಪಾಯಿ ಮಾತ್ರ. ಐನೂರು ಒಮ್ಮೆಲೇ ಸಾವಿರವಾಗುವುದು ಈ ಲೆಕ್ಕಕ್ಕೆ ಹೊಂದುವುದಿಲ್ಲ.

ಮಾಲಕರ ಕಷ್ಟವನ್ನೂ ಕಾಯಿದೆ ಮರೆತಿಲ್ಲ. ಮನೆಯ ಮೇಲಿನ ತೆರಿಗೆ ಏರಿದರೆ, ಏರಿದಷ್ಟನ್ನು ಬಾಡಿಗೆಗೆ ಸೇರಿಸಬಹುದು. ನಿಯಮದಂತೆ ಮನೆಯನ್ನು ಸುಧಾರಿಸಿದರೆ ಅದಕ್ಕೂ ಸ್ವಲ್ಪ ಹೆಚ್ಚಿಗೆ ಪಡೆಯಬಹುದು. ಇಂಥ ನ್ಯಾಯವಾದ ಹೆಚ್ಚಳವನ್ನು ಬಾಡಿಗೆದಾರರು ಮನಸ್ಸಿಟ್ಟು ಕೊಡಬೇಕು. ಕೊಡದೆ ಹಟ ಹಿಡಿದರೆ ಅದೂ ಬಾಕಿಯೇ ಆಗುತ್ತದೆ.

ಇನ್ನು ನೋಟೀಸಿನ ವಿಷಯ. ಬಾಡಿಗೆ ಬಾಕಿಯಿದೆಯೆಂದು ಮನೆ ಬಿಡಿಸಲು ದಾವೆ ಹೂಡಬೇಕಾದರೆ ಮಾಲಕರು ಮೊದಲು ಲಿಖಿತ ನೋಟೀಸು ಕೊಡಬೇಕು. ಅದು ಮುಟ್ಟಿದ ಮೇಲೆ 90 ದಿನ ಕಾಯಬೇಕು. ಬಾಯಿಮಾತಿನ ಬೆದರಿಕೆ ನೋಟೀಸು ಎನಿಸುವುದಿಲ್ಲ. ದಾವೆ ಹೂಡಿದ ಮೇಲೂ, ಸಮನ್ಸು ಮುಟ್ಟಿದ 90 ದಿನಗಳೊಳಗೆ ಬಾಕಿ ಬಾಡಿಗೆ, ನೂರಕ್ಕೆ 15ರ ಬಡ್ಡಿ, ದಾವೆಯ ಖರ್ಚು ಇವನ್ನು ನ್ಯಾಯಾಲಯದಲ್ಲಿ ತುಂಬಿ, ಮುಂದೆಯೂ ಸರಿಯಾಗಿ ಕೊಡುತ್ತ ಬಂದರೆ, ಬಾಕಿಯ ಕಾರಣಕ್ಕಾಗಿ ಮನೆ ಬಿಡಿಸುವ ಹುಕುಮು ಆಗುವುದಿಲ್ಲ. ಆದರೆ ಕಾಗದವನ್ನು ಗೂಡಿನಲ್ಲಿಟ್ಟು ಸುಮ್ಮನೆ ಕುಳಿತವರಿಗೆ ಈ ರಕ್ಷಣೆ ದಕ್ಕದು.

ಹಾಗಾದರೆ ನಮ್ಮ ಉದಾಹರಣೆಯ ಕುಟುಂಬವು ಕ್ರಮವಾಗಿ ಮಾಡಬೇಕಾದುದೇನು?

ಮೊದಲನೆಯದಾಗಿ, ಹಳೆಯ ಬಾಡಿಗೆ ಪಾವತಿಗಳನ್ನೂ ಕರಾರು ಪತ್ರವನ್ನೂ ಹುಡುಕಿ ಒಂದೆಡೆ ಇಡಬೇಕು. ಹಣ ಪಡೆದಾಗ ಪಾವತಿ ಕೊಡುವುದು ಮಾಲಕರ ಕರ್ತವ್ಯವೆಂದು ಕಾಯಿದೆಯೇ ಹೇಳುತ್ತದೆ. ಕೊಡದಿರುವುದು ದಂಡಕ್ಕೆ ಗುರಿಯಾಗುವ ತಪ್ಪು.

ಎರಡನೆಯದಾಗಿ, ಹಳೆಯ ಬಾಡಿಗೆಯನ್ನೂ ಕಾಯಿದೆ ಒಪ್ಪುವ ಹೆಚ್ಚಳವನ್ನೂ ತಾರೀಖು ತಪ್ಪದೆ ಕೊಡಬೇಕು. ಮಾಲಕರು ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಅವರ ಬ್ಯಾಂಕು ಖಾತೆಗೆ ಕಳಿಸಬಹುದು; ಅದರ ದಾಖಲೆ ಉಳಿಯುತ್ತದೆ.

ಮೂರನೆಯದಾಗಿ, ಮಾಲಕರಿಗೆ ಒಂದು ಸಭ್ಯವಾದ ಪತ್ರ ಬರೆಯಬೇಕು. ಅದರ ಸಾರ ಹೀಗಿರಲಿ: "ತಾವು ಇಂಥ ದಿನ ಬಾಡಿಗೆಯನ್ನು ಸಾವಿರ ರೂಪಾಯಿಗೆ ಏರಿಸಿರುವುದಾಗಿ ಬಾಯಿಮಾತಿನಲ್ಲಿ ತಿಳಿಸಿದಿರಿ. ಈ ಹೆಚ್ಚಳಕ್ಕೆ ನಮ್ಮ ಒಪ್ಪಿಗೆ ಇಲ್ಲ. ಕಾಯಿದೆಯಂತೆ ಸಲ್ಲಬೇಕಾದ ಬಾಡಿಗೆಯನ್ನು ತಪ್ಪದೆ ಕೊಡುತ್ತೇವೆ. ಹೆಚ್ಚಳದ ಆಧಾರವನ್ನು ದಯವಿಟ್ಟು ಬರೆದು ತಿಳಿಸಬೇಕು." ನಮ್ಮ ಕೋರ್ಟುಗಳ ವ್ಯವಹಾರ ಮರಾಠಿಯಲ್ಲಿ ನಡೆಯುವುದರಿಂದ ಪತ್ರವೂ ಮರಾಠಿಯಲ್ಲಿದ್ದರೆ ಅನುಕೂಲ. ಒಂದು ಪ್ರತಿ ನಮ್ಮಲ್ಲಿರಲಿ. ರಿಜಿಸ್ಟರ್ಡ್ ಅಂಚೆಯು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಆದ್ದರಿಂದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಜೋಪಾನ ಮಾಡಬೇಕು.

ನಾಲ್ಕನೆಯದಾಗಿ, ಮಾತಿನಿಂದ ಬಗೆಹರಿಯದಿದ್ದರೆ ಪ್ರಮಾಣ ಬಾಡಿಗೆಯನ್ನು ನಿಗದಿ ಮಾಡಬೇಕೆಂದು ದಿವಾಣಿ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಮಾಲಕರು ಸಿಟ್ಟಿನಿಂದ ನೀರು, ದೀಪ ನಿಲ್ಲಿಸಿದರೆ ಅದೂ ಕಾಯಿದೆಗೆ ವಿರುದ್ಧ. ಪುನಃ ಕೊಡಿಸುವಂತೆ ನ್ಯಾಯಾಲಯವನ್ನು ಕೇಳಬಹುದು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಎದೆಗುಂದಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆಯ ಕೆಲಸಗಾರರಿಗೆ ಹಾಗೂ ಕಡಿಮೆ ವರಮಾನದವರಿಗೆ ಪುಕ್ಕಟೆ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. 15100 ಎಂಬ ದೂರವಾಣಿ ಸಂಖ್ಯೆಯೂ ಇದೆ.

ಒಂದು ಎಚ್ಚರಿಕೆ. ಈಚೆಗೆ ಬಹಳ ಮನೆಗಳನ್ನು 11 ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಕರಾರಿನ ಮೇಲೆ ಕೊಡುತ್ತಾರೆ. ಅವಧಿ ಮುಗಿಯುವವರೆಗೆ ಕರಾರಿನಲ್ಲಿ ಬರೆದ ಮೊತ್ತವನ್ನು ಒಬ್ಬರೇ ಬದಲಿಸುವಂತಿಲ್ಲ. ಆದರೆ ಅವಧಿ ಮುಗಿದ ಮೇಲೆ ಹಳೆಯ ಬಾಡಿಗೆದಾರರಿಗಿರುವ ರಕ್ಷಣೆ ಇವರಿಗಿಲ್ಲ. ಮಹಾರಾಷ್ಟ್ರದಲ್ಲಿ ಇಂಥ ಕರಾರನ್ನೂ ಬರೆದು ನೋಂದಣಿ ಮಾಡಿಸಲೇಬೇಕು; ಅದರ ಹೊಣೆ ಮಾಲಕರದು. ನೋಂದಣಿ ಆಗಿರದಿದ್ದರೆ, ಕರಾರಿನ ಶರತ್ತುಗಳ ಬಗೆಗೆ ಬಾಡಿಗೆಗೆ ಇರುವವರು ಹೇಳಿದ್ದನ್ನೇ ನ್ಯಾಯಾಲಯ ಮೊದಲು ನಂಬುತ್ತದೆ; ಅದು ಸುಳ್ಳೆಂದು ತೋರಿಸುವ ಭಾರ ಮಾಲಕರ ಮೇಲೆ ಬೀಳುತ್ತದೆ. ಆದ್ದರಿಂದ ಮನೆ ಹಿಡಿಯುವ ಮೊದಲೇ ಕರಾರನ್ನು ಓದಿಸಿ ತಿಳಿದುಕೊಳ್ಳುವುದು ಜಾಣತನ.

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಆದಷ್ಟು ಕುಳಿತು ಮಾತನಾಡಿ ಬಗೆಹರಿಸಿಕೊಳ್ಳುವುದೇ ಲೇಸು. ಆದರೆ ಕಾಯಿದೆ ಬಲ್ಲವನ ಮಾತಿಗೆ ತೂಕವಿರುತ್ತದೆ, ಪಾವತಿ ಇಟ್ಟುಕೊಂಡವನ ಮಾತಿಗೆ ಆಧಾರವಿರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಗಳಲ್ಲಿ ಮರಾಠಿ, ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುವವರು ಎಷ್ಟೋ ಸಲ ನೀವೇ ಆಗಿರುತ್ತೀರಿ. ಅಜ್ಜ ಅಜ್ಜಿಯರಿಗೆ, ತಂದೆ ತಾಯಿಗಳಿಗೆ ನೋಟೀಸಿನ ತಾರೀಖನ್ನೂ ಒಕ್ಕಣೆಯನ್ನೂ ಸರಿಯಾಗಿ ಓದಿ ಹೇಳಿರಿ. ಬಾಡಿಗೆ ಪಾವತಿಗಳನ್ನು ತಾರೀಖಿನಂತೆ ಜೋಡಿಸಿ ಒಂದು ಕಡತ ಮಾಡಿಕೊಡಿರಿ. ನೀವು ಕಲಿತ ಅಕ್ಷರ ನಿಮ್ಮ ಮನೆಯ ಸೂರನ್ನು ಕಾಯುವುದಾದರೆ ಅದಕ್ಕಿಂತ ಸಾರ್ಥಕವಾದ ವಿದ್ಯೆ ಬೇರೊಂದಿಲ್ಲ.