ಗುರುವನ್ನು ರೂಪಿಸುವ ಒಂದು ವರ್ಷ

ಶಾಲೆಯ ಮೆಟ್ಟಿಲೇರಿದ ಮಗು ಅಕ್ಷರಗಳನ್ನು ಓದುವುದಕ್ಕೆ ಮೊದಲು ಗುರುವಿನ ಮುಖವನ್ನು ಓದುತ್ತದೆ. ಆ ಮುಖದಲ್ಲಿ ತನ್ನ ತಾಯಿಯ, ಸೋದರಮಾವನ, ತನ್ನ ಕೇರಿಯ ಹಿರಿಯರ ಹೋಲಿಕೆ ಕಂಡಾಗ, ತಾನೂ ಒಂದು ದಿನ ಹೀಗೆ ನಿಲ್ಲಬಲ್ಲೆನೆಂಬ ಭರವಸೆ ಅದರ ಎಳೆಯ ಮನಸ್ಸಿನಲ್ಲಿ ತಾನಾಗಿಯೇ ಮೊಳೆಯುತ್ತದೆ. ಇಡೀ ಶಾಲಾ ಜೀವನದಲ್ಲಿ ಅಂಥ ಒಂದು ಮುಖವನ್ನೂ ಕಾಣದೆ ಹೊರಬೀಳುವ ಮಕ್ಕಳ ಮನಃಸ್ಥಿತಿ ಹೇಗಿರಬಹುದು? ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನಾಂಗದ ತಂದೆ-ತಾಯಿಗಳು ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆಯಿದು.

ಆ ದೇಶದ ಸರಕಾರಿ ಶಾಲೆಗಳಲ್ಲಿ ಕಲಿಯುವ ನೂರು ಮಕ್ಕಳಲ್ಲಿ ಸುಮಾರು 15 ಮಂದಿ ಕಪ್ಪು ಜನಾಂಗದವರು. 2020-21ರ ಶಾಲಾ ವರ್ಷದ ಅಧಿಕೃತ ಸಮೀಕ್ಷೆಯಂತೆ ನೂರು ಶಿಕ್ಷಕರಲ್ಲಿ ಆ ಜನಾಂಗಕ್ಕೆ ಸೇರಿದವರು ಸುಮಾರು 6 ಮಂದಿ ಮಾತ್ರ. ಅವರಲ್ಲಿಯೂ ಗಂಡಸರನ್ನಷ್ಟೇ ಎಣಿಸಿದರೆ ನೂರಕ್ಕೆ ಒಬ್ಬರಿಗಿಂತ ಅತ್ಯಲ್ಪ ಹೆಚ್ಚು. ಈ ಕೊರತೆಯನ್ನು ತುಂಬಲು ನಡೆದಿರುವ ಪ್ರಯತ್ನಗಳಲ್ಲಿ 'ರೆಸಿಡೆನ್ಸಿ' ಎಂಬ ಹೆಸರಿನ ಶಿಕ್ಷಕ ತರಬೇತಿ ಪದ್ಧತಿಯು ವಿಶೇಷವಾಗಿ ಗಮನಾರ್ಹವಾದುದು. ಅದರ ಮಹತ್ವವನ್ನು ತಿಳಿಯಬೇಕಾದರೆ ಮೊದಲು ಈ ಕೊರತೆ ಹೇಗೆ ಉಂಟಾಯಿತೆಂಬುದನ್ನು ನೋಡಬೇಕು.

ವಿದ್ಯೆಗಾಗಿ ಪಟ್ಟ ಪಾಡು

ಗುಲಾಮಗಿರಿಯ ಕಾಲದಲ್ಲಿ ಕಪ್ಪು ಜನರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ಪ್ರಾಂತಗಳಿದ್ದವು. ಗುಲಾಮರಿಗೆ ಬರೆಯಲು ಕಲಿಸುವುದನ್ನು ದಕ್ಷಿಣ ಕೆರೊಲಿನಾ 1740ರಷ್ಟು ಹಿಂದೆಯೇ ಕಾನೂನಿನಿಂದ ನಿಷೇಧಿಸಿತ್ತು. 1865ರಲ್ಲಿ ಗುಲಾಮಗಿರಿ ಕೊನೆಗೊಂಡೊಡನೆ ಆ ಜನ ಹಂಬಲಿಸಿದ್ದು ಭೂಮಿ ಮತ್ತು ವಿದ್ಯೆಗಳಿಗಾಗಿ. ಫಿಸ್ಕ್, ಹೋವರ್ಡ್, ಹ್ಯಾಂಪ್ಟನ್ ಮೊದಲಾದ ವಿದ್ಯಾಸಂಸ್ಥೆಗಳು ಕೆಲವೇ ವರ್ಷಗಳಲ್ಲಿ ತಲೆಯೆತ್ತಿದವು. ಗುಲಾಮರಾಗಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ನರು 1881ರಲ್ಲಿ ಅಲಬಾಮಾದ ಟಸ್ಕೆಗಿಯಲ್ಲಿ ಸಂಸ್ಥೆಯನ್ನು ಕಟ್ಟಲು ತೊಡಗಿದಾಗ, ಅದು ಆರಂಭವಾದುದು ಶಿಕ್ಷಕರನ್ನು ತಯಾರಿಸುವ ಶಾಲೆಯಾಗಿಯೇ. ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ತಮ್ಮ ಶಾಲೆಯ ಗೋಡೆಗಳನ್ನೆಬ್ಬಿಸಿದರು. ಮುಂದೆ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ಉದಾರಿ ವರ್ತಕರ ಧನಸಹಾಯ ಮತ್ತು ಊರವರ ವಂತಿಗೆ, ಶ್ರಮದಾನಗಳಿಂದ ದಕ್ಷಿಣದ ಪ್ರಾಂತಗಳಲ್ಲಿ 1932ರ ವೇಳೆಗೆ ಸುಮಾರು 5,000 ಶಾಲೆಗಳು ನಿರ್ಮಾಣವಾದವು.

ಈ ಶಾಲೆಗಳಲ್ಲಿ ದುಡಿದವರ ಬಾಳು ಎಂಥದೆಂಬುದಕ್ಕೆ ಸೆಪ್ಟಿಮಾ ಕ್ಲಾರ್ಕ್ ಎಂಬ ಮಹಿಳೆಯ ಜೀವನವೇ ಸಾಕ್ಷಿ. 1916ರಲ್ಲಿ ತಮ್ಮ 18ನೆಯ ವಯಸ್ಸಿನಲ್ಲಿ ಅವರು ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದ ಶಾಲೆಗೆ ಹೋದರು. ಅವರೂ ಇನ್ನೊಬ್ಬ ಶಿಕ್ಷಕಿಯೂ ಸೇರಿ 132 ಮಕ್ಕಳಿಗೆ ಪಾಠ ಹೇಳಬೇಕಾಗಿತ್ತು. ಕ್ಲಾರ್ಕರಿಗೆ ದೊರೆಯುತ್ತಿದ್ದುದು ತಿಂಗಳಿಗೆ 35 ಡಾಲರು. ಸಮೀಪದಲ್ಲಿಯೇ ಇದ್ದ ಬಿಳಿಯರ ಶಾಲೆಯಲ್ಲಿ ಮೂವರು ಮಕ್ಕಳಿಗೆ ಕಲಿಸುತ್ತಿದ್ದ ಶಿಕ್ಷಕಿಗೆ 85 ಡಾಲರು. ನಲವತ್ತು ವರ್ಷಗಳ ಬಳಿಕ, 1956ರಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘದ ಸದಸ್ಯತ್ವವನ್ನು ಬಿಡಲು ಒಪ್ಪದ ಕಾರಣಕ್ಕೆ ಅವರು ಕೆಲಸವನ್ನೂ ನಿವೃತ್ತಿ ವೇತನವನ್ನೂ ಕಳೆದುಕೊಂಡರು.

ಆದರೂ ಅವರು ಕಲಿಸುವುದನ್ನು ಬಿಡಲಿಲ್ಲ. ಮತದಾರರ ಪಟ್ಟಿಗೆ ಸೇರಲು ಅಕ್ಷರಜ್ಞಾನದ ಪರೀಕ್ಷೆಯನ್ನು ದಾಟಬೇಕಾಗಿದ್ದ ವಯಸ್ಕರಿಗಾಗಿ 1957ರಲ್ಲಿ ಅದೇ ಜಾನ್ಸ್ ದ್ವೀಪದಲ್ಲಿ ಪೌರಶಾಲೆಯೊಂದು ತೆರೆಯಿತು. ಅದರ ಶಿಕ್ಷಕಿಯಾಗಿ ಕ್ಲಾರ್ಕರು ಆರಿಸಿಕೊಂಡದ್ದು ಕೇಶಾಲಂಕಾರದ ವೃತ್ತಿಯಲ್ಲಿದ್ದ ಬರ್ನಿಸ್ ರಾಬಿನ್ಸನ್ ಎಂಬುವರನ್ನು. ಆಕೆ ಶಿಕ್ಷಕ ತರಬೇತಿ ಪಡೆದವರಲ್ಲ. ಆದರೆ ತನ್ನ ಜನರ ನುಡಿಯನ್ನೂ ಸಂಕೋಚವನ್ನೂ ಬಲ್ಲವರು, ಅವರ ಮಾತನ್ನು ತಾಳ್ಮೆಯಿಂದ ಕೇಳಬಲ್ಲವರು. ಅಂಥವರನ್ನು ಆರಿಸಿ, ಜೊತೆಗಿದ್ದು ತಿದ್ದಿ, ಶಿಕ್ಷಕರನ್ನಾಗಿ ಮಾಡಬಹುದೆಂಬುದನ್ನು ಕ್ಲಾರ್ಕರು ಕಂಡುಕೊಂಡಿದ್ದರು. ಅವರಿಗೆ ಅನ್ಯಾಯವಾಗಿದೆಯೆಂದು ಒಪ್ಪಿ, ನಿವೃತ್ತಿ ವೇತನವನ್ನು ಮರಳಿ ಕೊಡಲು ಆ ಪ್ರಾಂತದ ಸರಕಾರಕ್ಕೆ 1976ರ ವರೆಗೆ ಕಾಲ ಬೇಕಾಯಿತು.

ನ್ಯಾಯದ ತೀರ್ಪು, ಅನ್ಯಾಯದ ಫಲ

ಬಿಳಿಯರಿಗೊಂದು, ಕರಿಯರಿಗೊಂದು ಶಾಲೆಯೆಂಬ ವರ್ಣಭೇದವು ಸಂವಿಧಾನಕ್ಕೆ ವಿರುದ್ಧವೆಂದು 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸಾರಿತು. ಕಾನ್ಸಾಸ್ ಪ್ರಾಂತದ ಟೊಪೀಕಾ ನಗರದ ಮೊಕದ್ದಮೆಯ ಹೆಸರಿನಿಂದ ಪ್ರಸಿದ್ಧವಾದ ಈ ತೀರ್ಪು ಮಾನವ ಸಮಾನತೆಯ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಆದರೆ ಅದನ್ನು ಜಾರಿಗೆ ತರುವಾಗ ನಡೆದುದು ಬೇರೆಯೇ. ಎರಡು ಶಾಲೆಗಳು ಒಂದಾಗುವಾಗ ಮುಚ್ಚಿದ್ದು ಬಹುಮಟ್ಟಿಗೆ ಕರಿಯರ ಶಾಲೆ. ಮಕ್ಕಳು ಬಿಳಿಯರ ಶಾಲೆಗೆ ನಡೆದರು, ಅವರ ಗುರುಗಳು ಹೊರಗುಳಿದರು.

ಈ ಅನ್ಯಾಯದ ಮುನ್ಸೂಚನೆ ಟೊಪೀಕಾದಲ್ಲಿಯೇ ಕಾಣಿಸಿಕೊಂಡಿತ್ತು. ತೀರ್ಪು ಬರುವುದಕ್ಕೆ ಒಂದು ವರ್ಷ ಮೊದಲು, 1953ರ ಮಾರ್ಚಿನಲ್ಲಿ, ಅಲ್ಲಿಯ ಶಾಲಾಧಿಕಾರಿಯು ಕಪ್ಪು ಜನಾಂಗದ ಶಿಕ್ಷಕಿಯೊಬ್ಬರಿಗೆ ಪತ್ರ ಬರೆದರು. ವರ್ಣಭೇದ ರದ್ದಾದರೆ ಬಿಳಿಯ ಮಕ್ಕಳಿಗೆ ಕಪ್ಪು ಶಿಕ್ಷಕರು ಕಲಿಸುವುದು ಊರಿನ ಬಹುಜನರಿಗೆ ಇಷ್ಟವಾಗಲಾರದಾದ್ದರಿಂದ, ಮುಂದಿನ ವರ್ಷ ಕೆಲಸ ದೊರೆಯುವ ಭರವಸೆಯಿಲ್ಲವೆಂಬುದು ಅದರ ಸಾರ. ಮಿಸ್ಸೌರಿಯ ಮೊಬರ್ಲಿ ಪಟ್ಟಣದಲ್ಲಿ 1955ರಲ್ಲಿ ಶಾಲೆಗಳು ಒಂದಾದಾಗ ಅಲ್ಲಿದ್ದ ಕಪ್ಪು ಜನಾಂಗದ 11 ಶಿಕ್ಷಕರೂ ಕೆಲಸ ಕಳೆದುಕೊಂಡರು. ಅವರು ನ್ಯಾಯಾಲಯದ ಮೊರೆಹೊಕ್ಕರೂ 1959ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅವರ ವಿರುದ್ಧವೇ ತೀರ್ಪಿತ್ತಿತು. 1954ರಿಂದ 1965ರ ವರೆಗಿನ ಅವಧಿಯಲ್ಲಿ 17 ಪ್ರಾಂತಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಸ್ಥಾನ ಕಳೆದುಕೊಂಡರೆಂದು ಅಂದಾಜು. ತಲೆಮಾರುಗಳಿಂದ ಮಕ್ಕಳನ್ನು ಶಿಕ್ಷಕ ವೃತ್ತಿಗೆ ಕಳುಹಿಸುತ್ತಿದ್ದ ಮನೆಗಳಲ್ಲಿ ಆ ಪರಂಪರೆ ಹೀಗೆ ಕಡಿದುಹೋಯಿತು.

ರೆಸಿಡೆನ್ಸಿಯ ಸ್ವರೂಪ

ನಮ್ಮಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಹಿರಿಯ ವೈದ್ಯರ ಕಣ್ಣೆದುರಿನಲ್ಲಿ ಹೌಸ್ ಸರ್ಜನ್ನರಾಗಿ ಒಂದು ವರ್ಷ ದುಡಿಯುವುದು ವಾಚಕರಿಗೆ ತಿಳಿದೇ ಇದೆ. ಪುಸ್ತಕದಲ್ಲಿ ಓದಿದ್ದು ಕೈಗೆ ಬರುವುದು ರೋಗಿಯ ಹಾಸಿಗೆಯ ಬಳಿಯಲ್ಲಿ. ಶಿಕ್ಷಕರಿಗೂ ಇಂಥ ಏರ್ಪಾಡು ಇರಬೇಕೆಂಬ ವಿಚಾರವೇ ರೆಸಿಡೆನ್ಸಿಯ ಮೂಲ. 2001ರಲ್ಲಿ ಶಿಕಾಗೋ, 2003ರಲ್ಲಿ ಬಾಸ್ಟನ್ ನಗರಗಳಲ್ಲಿ ಅದು ಮೊಳೆಯಿತು. 2008ರ ಉನ್ನತ ಶಿಕ್ಷಣ ಕಾನೂನು ಕೇಂದ್ರ ಸರಕಾರದ ಅನುದಾನಕ್ಕೂ ದಾರಿಮಾಡಿತು.

ಪದವೀಧರನಾದ ಅಭ್ಯರ್ಥಿ ಒಂದು ಪೂರ್ಣ ಶಾಲಾ ವರ್ಷವನ್ನು ಒಬ್ಬ ನುರಿತ ಮಾರ್ಗದರ್ಶಿ ಶಿಕ್ಷಕರ ತರಗತಿಯಲ್ಲಿ ಕಳೆಯುತ್ತಾನೆ. ಆರಂಭದ ವಾರಗಳಲ್ಲಿ ನೋಡುವುದೇ ಕೆಲಸ: ಗದ್ದಲ ಮಾಡುವ ಮಗುವನ್ನು ಗುರುಗಳು ಗದರಿಸದೆ ಹೇಗೆ ಹತ್ತಿರ ಕರೆಯುತ್ತಾರೆ, ತಪ್ಪು ಉತ್ತರದಿಂದ ಸರಿ ಉತ್ತರದೆಡೆಗೆ ಹೇಗೆ ಕರೆದೊಯ್ಯುತ್ತಾರೆ ಎಂಬುದನ್ನು. ಬಳಿಕ ನಾಲ್ಕೈದು ಮಕ್ಕಳ ಗುಂಪಿಗೆ ಓದಿಸುವುದು, ಆಮೇಲೆ ಒಂದು ವಿಷಯದ ಪಾಠ, ವರ್ಷದ ಕೊನೆಯ ಹೊತ್ತಿಗೆ ಇಡೀ ದಿನದ ಹೊಣೆ. ಪಾಠ ಮುಗಿದೊಡನೆ ಗುರು-ಶಿಷ್ಯರು ಕುಳಿತು ಅಂದಿನ ಗುಣದೋಷಗಳನ್ನು ವಿಮರ್ಶಿಸುತ್ತಾರೆ. ಜೊತೆಯಲ್ಲಿಯೇ ವಿಶ್ವವಿದ್ಯಾಲಯದ ತರಗತಿಗಳು ನಡೆದು, ಹಲವೆಡೆ ವರ್ಷದ ಅಂತ್ಯಕ್ಕೆ ಸ್ನಾತಕೋತ್ತರ ಪದವಿಯೂ ಬೋಧನಾ ಪರವಾನಗಿಯೂ ಕೈಸೇರುತ್ತವೆ. ಈ ಅವಧಿಯಲ್ಲಿ ಜೀವನ ನಿರ್ವಹಣೆಗೆ ಶಿಷ್ಯವೇತನ ಉಂಟು. ಪ್ರತಿಯಾಗಿ ಅದೇ ನಗರದ ಶಾಲೆಗಳಲ್ಲಿ ಕೆಲವು ವರ್ಷ, ಸಾಮಾನ್ಯವಾಗಿ ಮೂರು ವರ್ಷ, ಸೇವೆ ಸಲ್ಲಿಸುವ ವಚನ ಕೊಡಬೇಕು. 'ನೋಡಿ ತಿಳಿ, ಮಾಡಿ ಕಲಿ' ಎಂಬ ನಮ್ಮ ಹಿರಿಯರ ಮಾತಿಗೆ ಇದು ವ್ಯವಸ್ಥಿತ ರೂಪವೆನ್ನಬಹುದು.

ಶಿಷ್ಯವೇತನದ ಅಂಶ ಮೇಲುನೋಟಕ್ಕೆ ಚಿಕ್ಕದಾಗಿ ಕಂಡರೂ ಕಪ್ಪು ಜನಾಂಗದ ಅಭ್ಯರ್ಥಿಗಳ ಮಟ್ಟಿಗೆ ಅದೇ ನಿರ್ಣಾಯಕ. ಸಾಮಾನ್ಯ ತರಬೇತಿಯಲ್ಲಿ ಪಾಠಾಭ್ಯಾಸದ ತಿಂಗಳುಗಳಿಗೆ ವೇತನವಿರುವುದಿಲ್ಲ. ಕಾಲೇಜಿನ ಶುಲ್ಕ, ಪರವಾನಗಿ ಪರೀಕ್ಷೆಯ ಶುಲ್ಕಗಳು ಬೇರೆ. ಹಿರಿಯರ ಆಸ್ತಿಯ ಬೆಂಬಲವಿಲ್ಲದೆ, ಸಾಲ ಮಾಡಿ ಪದವಿ ಪಡೆದು, ಮನೆಯ ಹೊಣೆಯನ್ನೂ ಹೊತ್ತ ತರುಣ-ತರುಣಿಯರು ಇಲ್ಲಿಯೇ ಹಿಂಜರಿಯುತ್ತಾರೆ. ಅನೇಕರು ಬೇಗ ಸಂಬಳ ದೊರೆಯುವ ದಾರಿಯನ್ನು ಹಿಡಿದು, ಸಾಕಷ್ಟು ತರಬೇತಿಯಿಲ್ಲದೆ ಮೊದಲ ದಿನದಿಂದಲೇ ತರಗತಿಯ ಪೂರ್ಣ ಭಾರವನ್ನು ಹೊರುತ್ತಾರೆ. ಕೆಲವೇ ವರ್ಷಗಳಲ್ಲಿ ಬಳಲಿ ವೃತ್ತಿಯನ್ನೇ ತೊರೆಯುತ್ತಾರೆ. ಶಾಲೆಗಳಲ್ಲಿ ಸಹಾಯಕರಾಗಿ ದುಡಿಯುತ್ತ, ಮಕ್ಕಳ ಮನಸ್ಸನ್ನು ಚೆನ್ನಾಗಿ ಅರಿತಿದ್ದರೂ ಶಿಕ್ಷಕರಾಗಲಾಗದೆ ಉಳಿದವರೂ ಇದ್ದಾರೆ. ಇಂಥವರಿಗೆ ಒಂದು ವರ್ಷದ ಅನ್ನದ ಚಿಂತೆ ನೀಗಿದರೆ ಮುಚ್ಚಿದ ಬಾಗಿಲು ತೆರೆದಂತೆ.

ಒಂಟಿತನಕ್ಕೆ ಮದ್ದು

ಹಣದ ತೊಡಕು ಕಳೆದ ಮೇಲೂ ಇನ್ನೊಂದು ಉಳಿಯುತ್ತದೆ. ಶಾಲೆಗೆ ಒಬ್ಬರೇ ಕಪ್ಪು ಶಿಕ್ಷಕರಾಗಿದ್ದಾಗ, ಹಟಮಾರಿ ಮಕ್ಕಳನ್ನೆಲ್ಲ ಅವರ ಬಳಿಗೇ ಕಳುಹಿಸುವ ಪರಿಪಾಠ ಬೆಳೆಯುತ್ತದೆ. ಪಾಠ ಹೇಳಲು ಬಂದವರು ಶಿಸ್ತಿನ ಕಾವಲುಗಾರರಾಗಿಬಿಡುತ್ತಾರೆ. ಆದುದರಿಂದ ಅಭ್ಯರ್ಥಿಗಳನ್ನು ತಂಡವಾಗಿ ಬೆಳೆಸುವುದಕ್ಕೆ ಈ ಸಂಸ್ಥೆಗಳು ಪ್ರಾಶಸ್ತ್ಯ ಕೊಟ್ಟಿವೆ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯವು ಕಪ್ಪು ಜನರಿಗಾಗಿ ಸ್ಥಾಪಿತವಾದ ಮೂರು ಕಾಲೇಜುಗಳೊಡನೆ ಕೂಡಿ 2000ದಲ್ಲಿ 'ಕಾಲ್ ಮಿ ಮಿಸ್ಟರ್' ಎಂಬ ಯೋಜನೆಯನ್ನು ಆರಂಭಿಸಿತು. ಇದು ರೆಸಿಡೆನ್ಸಿಯಲ್ಲ, ಪದವಿಯ ಹಂತದಿಂದಲೇ ತರುಣರನ್ನು ಪ್ರಾಥಮಿಕ ಶಾಲೆಗಳಿಗಾಗಿ ಸಿದ್ಧಪಡಿಸುವ ಕಾರ್ಯಕ್ರಮ. ಆದರೂ ಧನಸಹಾಯ, ಹಿರಿಯರ ಮಾರ್ಗದರ್ಶನ, ಸಹಪಾಠಿಗಳ ಒಡನಾಟ ಎಂಬ ಮೂರು ಆಧಾರಗಳು ಅಲ್ಲಿಯೂ ಅವೇ. 2019ರಲ್ಲಿ ಫಿಲಡೆಲ್ಫಿಯಾದಲ್ಲಿ ಶರೀಫ್ ಎಲ್-ಮೆಕ್ಕಿಯವರು ಸ್ಥಾಪಿಸಿದ ಕಪ್ಪು ಶಿಕ್ಷಕರ ಅಭಿವೃದ್ಧಿ ಕೇಂದ್ರವು ಇನ್ನೂ ಕೆಳಗಿನಿಂದ, ಪ್ರೌಢಶಾಲೆಯ ವಿದ್ಯಾರ್ಥಿಗಳಿಂದಲೇ ಕೆಲಸವನ್ನಾರಂಭಿಸುತ್ತದೆ. ಬೇಸಿಗೆಯಲ್ಲಿ ಅವರು ಚಿಕ್ಕ ಮಕ್ಕಳಿಗೆ ಓದು ಕಲಿಸಿ ಬೋಧನೆಯ ಸವಿಯನ್ನು ಅರಿಯುತ್ತಾರೆ. ರೆಸಿಡೆನ್ಸಿಗಳ ರಾಷ್ಟ್ರೀಯ ಕೇಂದ್ರವು ಸಹ ಕಪ್ಪು ಜನಾಂಗದ 750 ಹೊಸ ಶಿಕ್ಷಕರನ್ನು ರೂಪಿಸುವ ಐದು ವರ್ಷಗಳ ಯೋಜನೆಯೊಂದನ್ನು ದಾನಿಗಳ ನೆರವಿನಿಂದ ಕೈಗೆತ್ತಿಕೊಂಡಿತು.

ಫಲವೇನು?

ಇಷ್ಟೆಲ್ಲ ಪ್ರಯಾಸದಿಂದ ಮಕ್ಕಳಿಗಾಗುವ ಪ್ರಯೋಜನವೇನೆಂದು ಕೇಳುವುದು ಸಹಜ. ಟೆನೆಸಿ ಪ್ರಾಂತದ ಮಕ್ಕಳನ್ನು ಬಹುಕಾಲ ಅನುಸರಿಸಿದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2018ರಲ್ಲಿ ಹೊರಬಂದಿತು. ಮೂರನೆಯ ತರಗತಿಯೊಳಗೆ ಒಬ್ಬ ಕಪ್ಪು ಶಿಕ್ಷಕರ ಬಳಿಯಾದರೂ ಕಲಿತ ಕಪ್ಪು ಮಕ್ಕಳು, ಅದೇ ಶಾಲೆಯ ಇತರ ಕಪ್ಪು ಮಕ್ಕಳಿಗಿಂತ ಪ್ರೌಢಶಿಕ್ಷಣ ಮುಗಿಸುವ ಸಂಭವ ಶೇಕಡಾ 13ರಷ್ಟು, ಕಾಲೇಜು ಸೇರುವ ಸಂಭವ ಶೇಕಡಾ 19ರಷ್ಟು ಹೆಚ್ಚೆಂದು ಅದು ತೋರಿಸಿತು. ಒಬ್ಬ ಗುರುವಿನ ಒಂದು ವರ್ಷದ ಸಾನ್ನಿಧ್ಯ ಹತ್ತಾರು ವರ್ಷಗಳ ಅನಂತರ ಫಲ ಕೊಡುವುದೆಂದರೆ ಸಣ್ಣ ಮಾತಲ್ಲ.

ರೆಸಿಡೆನ್ಸಿಯ ಗುಣವನ್ನು ಅಳೆದವರೂ ಉಂಟು. ಬಾಸ್ಟನ್ನಿನ ಶಿಕ್ಷಕರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೆಸಿಡೆನ್ಸಿಯಿಂದ ಬಂದವರಲ್ಲಿ ನಾನಾ ಜನಾಂಗದವರ ಪ್ರಮಾಣ ಇತರ ಹೊಸಬರಲ್ಲಿದ್ದುದಕ್ಕಿಂತ ಹೆಚ್ಚು. ಐದನೆಯ ವರ್ಷದವರೆಗೆ ಕೆಲಸದಲ್ಲಿ ಉಳಿದವರೂ ಅವರಲ್ಲಿಯೇ ಹೆಚ್ಚು. ಗಣಿತ ಬೋಧನೆಯಲ್ಲಿ ಅವರು ಆರಂಭದಲ್ಲಿ ಇತರ ಹೊಸಬರಿಗಿಂತ ಹಿಂದಿದ್ದರೆಂಬುದನ್ನೂ ಅಧ್ಯಯನ ಮುಚ್ಚಿಡಲಿಲ್ಲ. ಆದರೆ ನಾಲ್ಕು-ಐದನೆಯ ವರ್ಷಗಳ ಹೊತ್ತಿಗೆ ಅವರು ಅನುಭವಿಗಳನ್ನೂ ಮೀರಿಸಿದರು. ಒಳ್ಳೆಯ ಶಿಕ್ಷಕ ಪಕ್ವವಾಗಲು ಕಾಲ ಬೇಕು, ಆ ಕಾಲ ಬರುವವರೆಗೆ ಅವನು ಶಾಲೆಯಲ್ಲಿ ಉಳಿಯಬೇಕು. ಉಳಿಸಿಕೊಳ್ಳುವುದೇ ಈ ಪದ್ಧತಿಯ ನಿಜವಾದ ಸಾಧನೆ.

ಕವಿದ ಕಾರ್ಮೋಡ

ಇಂಥ ಪ್ರಯತ್ನಕ್ಕೆ 2025ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆಯು, ಜನರಲ್ಲಿ ಭೇದವನ್ನುಂಟುಮಾಡುವ ವಿಚಾರಗಳನ್ನು ಬೋಧಿಸಲಾಗುತ್ತಿದೆಯೆಂಬ ಕಾರಣವನ್ನು ಮುಂದೊಡ್ಡಿ, ಶಿಕ್ಷಕ ತರಬೇತಿಯ 60 ಕೋಟಿ ಡಾಲರಿಗೂ ಮಿಕ್ಕಿದ ಅನುದಾನಗಳನ್ನು ರದ್ದುಗೊಳಿಸಿತು. ಹಲವು ಪ್ರಾಂತಗಳೂ ಶಿಕ್ಷಕ ತರಬೇತಿಯ ಸಂಸ್ಥೆಗಳೂ ನ್ಯಾಯಾಲಯದ ಮೊರೆಹೊಕ್ಕವು. ಪ್ರಾಂತಗಳ ಮೊಕದ್ದಮೆಯಲ್ಲಿ ಏಪ್ರಿಲ್ 4ರಂದು ಸರ್ವೋಚ್ಚ ನ್ಯಾಯಾಲಯವು, ವ್ಯಾಜ್ಯ ನಡೆಯುತ್ತಿರುವಾಗ ರದ್ದತಿಯು ಜಾರಿಯಲ್ಲಿರಬಹುದೆಂದು ಐದು-ನಾಲ್ಕರ ಬಹುಮತದಿಂದ ಹೇಳಿತು. ಶಿಷ್ಯವೇತನವನ್ನು ನಂಬಿ ಬೇರೆ ಕೆಲಸ ಬಿಟ್ಟು ಬಂದ ಅಭ್ಯರ್ಥಿಗೆ ಶಾಲಾ ವರ್ಷದ ನಡುವೆ ಅದು ನಿಂತರೆ ಆಗುವ ಸಂಕಟವನ್ನು ಸಂಸಾರಸ್ಥರಿಗೆ ವಿವರಿಸಬೇಕಾಗಿಲ್ಲ.

ಗುಲಾಮಗಿರಿಯ ಕಾನೂನಿನ ಕಾಲದಿಂದ ಇಂದಿನವರೆಗೆ ಈ ಜನರು ಒಂದು ಪಾಠವನ್ನು ಕಲಿತಿದ್ದಾರೆ. ಸರಕಾರದ ನೆರವು ಬಂದಾಗ ಸ್ವೀಕರಿಸಬೇಕು. ಆದರೆ ತಮ್ಮ ಮಕ್ಕಳ ಗುರುಗಳನ್ನು ಬೆಳೆಸುವ ಹೊಣೆಯನ್ನು ಪೂರ್ಣವಾಗಿ ಅದಕ್ಕೇ ಬಿಟ್ಟುಕೊಡಬಾರದು. ಟಸ್ಕೆಗಿಯ ಇಟ್ಟಿಗೆಗಳನ್ನು ಸುಟ್ಟವರು ವಿದ್ಯಾರ್ಥಿಗಳು, ಜಾನ್ಸ್ ದ್ವೀಪದ ವಯಸ್ಕರಿಗೆ ಅಕ್ಷರ ಕಲಿಸಿದವರು ನೆರೆಹೊರೆಯ ಹೆಣ್ಣುಮಗಳು. ಹೊಸ ಶಿಕ್ಷಕರನ್ನು ಇಂದು ತಿದ್ದುತ್ತಿರುವ ಮಾರ್ಗದರ್ಶಿಗಳೂ ಆ ಸಾಲಿಗೆ ಸೇರುವವರು. ಅಂಥ ಗುರುವೊಬ್ಬನು ತನ್ನ ಸೇವಾವಧಿಯಲ್ಲಿ ನೂರಾರು ಮಕ್ಕಳಿಗೆ ವಿದ್ಯೆ ಕೊಡುತ್ತಾನೆ. ಅವನು ಗುರುವಾಗುವ ಆ ಒಂದು ವರ್ಷದಲ್ಲಿ ಅವನ ಅನ್ನಕ್ಕೂ ಧೈರ್ಯಕ್ಕೂ ಆಸರೆಯಾಗುವುದು ಮಕ್ಕಳ ಏಳಿಗೆಯನ್ನು ಬಯಸುವ ಯಾವ ಸಮಾಜಕ್ಕೂ ಭಾರವೆನಿಸಬಾರದು.