ಬರಹದ ಮನೆಗೆ ನಮ್ಮದೇ ತಲೆಬಾಗಿಲು

ನಮ್ಮ ಮನೆಗಳಲ್ಲಿ ಹಿಂದೆ ಕಾಗದಪತ್ರಗಳಿಗೆಂದೇ ಒಂದು ಸಂದೂಕ ಇರುತ್ತಿತ್ತು. ಹೊಲದ ಪಹಣಿ, ಕೊಟ್ಟು ತೆಗೆದುಕೊಂಡ ಲೆಕ್ಕದ ವಹಿ, ಮದುವೆಯ ಯಾದಿ, ಹಿರಿಯರು ಕೈಯಾರೆ ನಕಲು ಮಾಡಿದ ವಚನಗಳ ಪ್ರತಿ ಎಲ್ಲವೂ ಅದರೊಳಗೆ. ಕೀಲಿಕೈ ಮನೆಯ ಹಿರಿಯ ತಾಯಿಯ ಸೆರಗಿನ ಗಂಟಿನಲ್ಲಿ. ಇಂದು ಅನೇಕ ಮನೆಗಳಲ್ಲಿ, ಮಠಗಳ ಕಚೇರಿಗಳಲ್ಲಿ, ಶಾಲೆಗಳಲ್ಲಿ ಆ ಸಂದೂಕದ ಸ್ಥಾನವನ್ನು ಗಣಕಯಂತ್ರವು ಪಡೆದುಕೊಂಡಿದೆ. ಅದರ ಕೀಲಿಕೈ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸಿದಂತಿಲ್ಲ. ಹಾಗೆ ವಿಚಾರಿಸದೆ ನಾವು ಪಟ್ಟ ಕಷ್ಟವನ್ನು ಮೊದಲು ಹೇಳಿ, ಅದರಿಂದ ಪಾರಾದ ದಾರಿಯನ್ನು ಓದುಗ ಬಂಧುಗಳ ಮುಂದಿರಿಸುವುದು ಈ ಲೇಖನದ ಉದ್ದೇಶವಾಗಿದೆ.

ಓದಲಾಗದ ನಮ್ಮದೇ ಬರಹ

ಬೀದರ, ಭಾಲ್ಕಿ, ಔರಾದ ಭಾಗದ ಹಳ್ಳಿಗಳಲ್ಲಿ ಶ್ರಾವಣಮಾಸದ ಪ್ರವಚನಕ್ಕಾಗಿ ನಾವು ಬರೆದುಕೊಂಡ ಟಿಪ್ಪಣಿಗಳು ವರುಷದಿಂದ ವರುಷಕ್ಕೆ ಬೆಳೆದು ದೊಡ್ಡ ಕಟ್ಟೇ ಆಗಿದ್ದವು. 2004ರಲ್ಲಿ ಅವನ್ನು ಬೀದರ ನಗರದ ಒಂದು ಡಿ.ಟಿ.ಪಿ. ಅಂಗಡಿಗೆ ಕೊಟ್ಟು ಅಕ್ಷರ ಜೋಡಣೆ ಮಾಡಿಸಿದೆವು. ಒಂದು ಸಿ.ಡಿ. ಕೈಗೆ ಬಂತು. ಇನ್ನು ಬರಹಕ್ಕೆ ಭಯವಿಲ್ಲವೆಂದು ನಂಬಿ, ಗೆದ್ದಲು ಹಿಡಿಯುತ್ತಿದ್ದ ಕೈಬರಹದ ಹಾಳೆಗಳ ಬಗ್ಗೆ ಉದಾಸೀನರಾದೆವು.

2019ರಲ್ಲಿ ಭಕ್ತರು ಅದನ್ನು ಪುಸ್ತಕವಾಗಿಸಬೇಕೆಂದು ಬಯಸಿದರು. ಸಿ.ಡಿ.ಯನ್ನು ಹೊಸ ಗಣಕಯಂತ್ರಕ್ಕೆ ಹಾಕಿ ನೋಡಿದರೆ ಎರಡು ಅಡ್ಡಿಗಳು ಎದುರಾದವು. ಮೊದಲನೆಯದು, ಯಂತ್ರದೊಡನೆ ಬಂದಿದ್ದ ಬರಹದ ತಂತ್ರಾಂಶವು ತನ್ನ ಪ್ರಯೋಗಾವಧಿ ಮುಗಿದಿದೆ, ಹಣ ಕಟ್ಟದ ಹೊರತು ತಿದ್ದಲು ಬಿಡೆನೆಂದು ನಿಂತಿತು. ಎರಡನೆಯದು, ತೆರೆಯ ಮೇಲೆ ಮೂಡಿದ್ದು ಕನ್ನಡವಾಗಿರಲಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿತ್ತು. ಅಂಗಡಿಯನ್ನು ಹುಡುಕಿಕೊಂಡು ಹೋದರೆ ಅಲ್ಲಿ ಬಟ್ಟೆಯ ವ್ಯಾಪಾರ ನಡೆದಿತ್ತು. ನಾವೇ ಬರೆದದ್ದನ್ನು ನಾವೇ ಓದಲಾಗದ ಆ ದಿನ ನಮಗೆ ಊಟ ರುಚಿಸಲಿಲ್ಲ.

ಅಕ್ಷರಗಳು ಕೆಟ್ಟ ಕಾರಣ ತಿಳಿದರೆ ಸರಳವಾದುದು. ಅಂದಿನ ಬಹುಪಾಲು ಕನ್ನಡ ಫಾಂಟುಗಳಲ್ಲಿ ರೋಮನ್ ಅಕ್ಷರದ ಸಂಕೇತಸಂಖ್ಯೆಯ ಮೇಲೆ ಕನ್ನಡದ ಆಕಾರವನ್ನು ಹೊದಿಸಲಾಗುತ್ತಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಹೊದಿಕೆ ಜಾರಿ ಒಳಗಿನ ರೋಮನ್ ಅಕ್ಷರವೇ ಕಾಣಿಸುತ್ತದೆ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಉಂಟು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸಲು ಅರವಿಂದ ವಿ.ಕೆ. ಎಂಬ ಕನ್ನಡದ ತಂತ್ರಜ್ಞರು ಒಂದು ಪರಿವರ್ತಕವನ್ನು ರೂಪಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿದ್ದಾರೆ. ಅಕ್ಷರದ ಅಡ್ಡಿ ಅದರಿಂದ ನಿವಾರಣೆಯಾಯಿತು. ಉಳಿದದ್ದು ಬಾಗಿಲ ಅಡ್ಡಿ.

ಒಂದು ಕಿಟಕಿ, ಆರು ಖೋಲಿ

ಅದನ್ನು ನಿವಾರಿಸಿದವಳು ಭಾಲ್ಕಿಯಲ್ಲಿ ಪದವಿ ಓದುತ್ತಿದ್ದ ನಮ್ಮ ತಮ್ಮನ ಮೊಮ್ಮಗಳು. ರಜೆಯಲ್ಲಿ ಬಂದವಳು ಲಿಬ್ರೆಆಫೀಸ್ ಎಂಬ ತಂತ್ರಾಂಶವನ್ನು ಅಂತರಜಾಲದಿಂದ ಇಳಿಸಿ ನಮ್ಮ ಯಂತ್ರದಲ್ಲಿ ಸ್ಥಾಪಿಸಿದಳು. ತೆರೆಯ ಮೇಲೆ ಒಂದು ದೊಡ್ಡ ಕಿಟಕಿ ತೆರೆದುಕೊಂಡಿತು. "ಮುತ್ಯಾ, ಇದು ಮನಿ ತಲಬಾಗಲ ಇದ್ದಂಗ. ಇಲ್ಲಿಂದ ಯಾವ ಖೋಲಿಗೆ ಬೇಕಾದ್ರೂ ಹೋಗಬಹುದು" ಎಂದಳು.

ಸ್ಟಾರ್ಟ್ ಸೆಂಟರ್ ಎಂದು ಹೆಸರಾದ ಈ ಕಿಟಕಿಯೇ ನಮ್ಮ ಲೇಖನದ ವಿಷಯ. ಅದರ ಎಡಬದಿಯಲ್ಲಿ ಸಾಲಾಗಿ ಗುಂಡಿಗಳಿರುತ್ತವೆ. ಪತ್ರ, ಲೇಖನ, ಪುಸ್ತಕ ಬರೆಯಲು ರೈಟರ್, ಜಮಾಖರ್ಚಿನ ಲೆಕ್ಕಕ್ಕೆ ಕ್ಯಾಲ್ಕ್, ಸಭೆಯಲ್ಲಿ ಚಿತ್ರಸಹಿತ ವಿಷಯ ಮಂಡಿಸಲು ಇಂಪ್ರೆಸ್, ನಕ್ಷೆ, ಕರಪತ್ರಗಳಿಗೆ ಡ್ರಾ, ಗಣಿತಸೂತ್ರಗಳಿಗೆ ಮ್ಯಾಥ್, ಸದಸ್ಯರ ಯಾದಿಯಂತಹ ಮಾಹಿತಿಯ ಭಂಡಾರಕ್ಕೆ ಬೇಸ್. ಬಲಬದಿಯಲ್ಲಿ ಇತ್ತೀಚೆಗೆ ತೆರೆದ ಕಡತಗಳ ಮೊದಲ ಪುಟವು ಸಣ್ಣ ಚಿತ್ರವಾಗಿ ಕಾಣುತ್ತದೆ. ಯಾವ ಕಡತವನ್ನು ಎಲ್ಲಿ ಇಟ್ಟೆವೆಂದು ಮರೆಯುವ ನಮ್ಮಂತಹ ಅರವತ್ತು ದಾಟಿದವರಿಗೆ ಈ ಚಿತ್ರಗಳು ಬಹಳ ಉಪಕಾರಿ. ನೋಡಿ ಗುರುತಿಸಿ ಒತ್ತಿದರೆ ಸಾಕು; ಯಾವ ಬಗೆಯ ಕಡತಕ್ಕೆ ಯಾವ ಖೋಲಿ ಎಂಬುದನ್ನು ಅದೇ ತಿಳಿದು ತೆರೆಯುತ್ತದೆ.

ಇದರ ಚರಿತ್ರೆಯನ್ನೂ ಸ್ವಲ್ಪ ತಿಳಿಯಬೇಕು. ಜರ್ಮನಿಯಲ್ಲಿ ಹುಟ್ಟಿದ ಸ್ಟಾರ್‌ಆಫೀಸ್ ಎಂಬ ತಂತ್ರಾಂಶವನ್ನು 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಕೊಂಡು, 2000ದಲ್ಲಿ ಅದರ ಮೂಲಸಂಕೇತವನ್ನು ಲೋಕಕ್ಕೆ ಬಿಚ್ಚಿಟ್ಟಿತು. ಹೀಗೆ ಓಪನ್‌ಆಫೀಸ್ ಬಂತು. 2008ರಲ್ಲಿ ಹೊರಬಂದ ಅದರ ಮೂರನೆಯ ಆವೃತ್ತಿಯಲ್ಲಿ ಈ ಸ್ಟಾರ್ಟ್ ಸೆಂಟರ್ ಮೊದಲು ಕಾಣಿಸಿತು. 2010ರಲ್ಲಿ ಸನ್ ಸಂಸ್ಥೆಯು ಒರೇಕಲ್ ಸಂಸ್ಥೆಯ ವಶವಾದಾಗ, ಅದನ್ನು ಕಟ್ಟುತ್ತಿದ್ದ ಅನೇಕರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೇರೆಯಾಗಿ ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಪ್ರತಿಷ್ಠಾನದ ಹೆಸರಿನಲ್ಲಿ ಲಿಬ್ರೆಆಫೀಸನ್ನು ಆರಂಭಿಸಿದರು. ಕಡತಗಳ ಸಣ್ಣ ಚಿತ್ರ ತೋರಿಸುವ ಇಂದಿನ ರೂಪವು 2014ರ 4.2ನೆಯ ಆವೃತ್ತಿಯಿಂದ ಬಂದುದು. ಮಾಲೀಕನು ಬದಲಾದರೂ ಕೆಲಸ ನಿಲ್ಲದಿರಲು ಕಾರಣ ಒಂದೇ: ಮೂಲಸಂಕೇತವು ಎಲ್ಲರ ಕೈಯಲ್ಲಿತ್ತು. ಅದನ್ನು ಓದಬಹುದು, ತಿದ್ದಬಹುದು, ನಕಲು ಮಾಡಿ ನೆರೆಯವರಿಗೆ ಕೊಡಬಹುದು.

ಹೊರಗಿನ ಫಲಕ, ಒಳಗಿನ ಪಾಠ

ಕಮಲನಗರದಲ್ಲಿ 1890ರಲ್ಲಿ ಜನಿಸಿ, ಭಾಲ್ಕಿ ಹಿರೇಮಠದ ಪೀಠದಲ್ಲಿದ್ದು 1999ರಲ್ಲಿ ಲಿಂಗೈಕ್ಯರಾದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯ ದಿನಗಳಲ್ಲಿ ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದ ಸಂಗತಿಯು ನಮ್ಮ ಭಾಗದ ಮನೆಮನೆಗೂ ಗೊತ್ತು. ಇಂದು ಅಂತಹ ಅಂಜಿಕೆ ಇಲ್ಲ. ಆದರೂ ಗಣಕದ ತೆರೆಯ ಮೇಲಿನ ಫಲಕವೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಎಷ್ಟೋ ತಾಯಂದಿರು, ರೈತರು ಯಂತ್ರದ ಹತ್ತಿರ ಕೂರಲು ಹಿಂಜರಿಯುತ್ತಾರೆ.

ಲಿಬ್ರೆಆಫೀಸಿನಲ್ಲಿ ಈ ಫಲಕವನ್ನೇ ಕನ್ನಡಕ್ಕೆ ತಿರುಗಿಸಲು ಬರುತ್ತದೆ. ಸ್ಥಾಪಿಸುವಾಗ 'ಕಸ್ಟಮ್' ಎಂಬುದನ್ನು ಆರಿಸಿಕೊಂಡು, ಹೆಚ್ಚುವರಿ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಬೇಕು. ಅನಂತರ 'ಟೂಲ್ಸ್' ಪಟ್ಟಿಯ 'ಆಪ್ಷನ್ಸ್' ಒಳಗೆ ಭಾಷೆಗಳ ವಿಭಾಗಕ್ಕೆ ಹೋಗಿ ಕನ್ನಡವನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಅಲ್ಲಿಯೇ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬ ಚೌಕವೂ ಇರುತ್ತದೆ. ಒತ್ತಕ್ಷರಗಳುಳ್ಳ ನಮ್ಮ ಲಿಪಿಗೆ ಭಾಷೆಯನ್ನೂ ಫಾಂಟನ್ನೂ ನಿಗದಿಪಡಿಸಲು ಅದು ಬೇಕು. ಗಡಿಯ ಔರಾದಿನಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು ಮಾತುಗಳು ಕೇಳಿಬರುತ್ತವೆ. ಈ ಮೂರು ಭಾಷೆಗಳಲ್ಲಿಯೂ ಇದರ ಫಲಕವು ದೊರೆಯುತ್ತದೆ. ಕನ್ನಡದ ಅನುವಾದವು ಪೂರ್ಣವಾಗಿಲ್ಲ, ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ ಎಂಬುದನ್ನು ಮುಚ್ಚಿಡಲಾರೆವು. ಆದರೆ ಅದನ್ನು ಪೂರ್ಣಗೊಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಕಾಲೇಜುಗಳ ಕನ್ನಡ ಬಲ್ಲ ಮಕ್ಕಳು ಮನಸ್ಸು ಮಾಡಿದರೆ ಅನುವಾದಕರ ಬಳಗವನ್ನು ಸೇರಬಹುದು.

ಕಾಸರಗೋಡಿನ ಕನ್ನಡ ಮಕ್ಕಳನ್ನು ನೋಡಿರಿ. ಕೇರಳದ ಶಾಲೆಗಳಿಗೆ ಅಲ್ಲಿಯ ಸರಕಾರದ ಕೈಟ್ ಸಂಸ್ಥೆಯು ಉಬುಂಟು ಆಧಾರಿತ ಮುಕ್ತ ವ್ಯವಸ್ಥೆಯನ್ನು ಒದಗಿಸುತ್ತಿದ್ದು, ಅದರಲ್ಲಿ ಲಿಬ್ರೆಆಫೀಸ್ ಸೇರಿದೆ. ಭಾರತ ಸರಕಾರವೂ 2015ರಲ್ಲಿ ತನ್ನ ಇಲಾಖೆಗಳಿಗಾಗಿ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿದೆ. ಆದಕಾರಣ ಇದು ಬಡವರ ಪಾಲಿನ ಅರೆಬರೆ ವಸ್ತುವೆಂದು ಯಾರೂ ತಿಳಿಯಬಾರದು.

ಕಳವಿನ ಮಾತು

ನಿಷ್ಠುರವಾದರೂ ಒಂದು ಮಾತನ್ನು ಹೇಳಲೇಬೇಕು. ಬೆಲೆ ಕಟ್ಟಿ ಕೊಳ್ಳಬೇಕಾದ ತಂತ್ರಾಂಶದ ಕಳ್ಳನಕಲನ್ನು ಹಾಕಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಅಂತಹ ಯಂತ್ರದಲ್ಲಿಯೇ ಶರಣರ ತತ್ತ್ವದ ಪುಸ್ತಕಗಳೂ ಅಚ್ಚಿಗೆ ಸಿದ್ಧವಾಗುತ್ತವೆ. ನಮ್ಮದೂ 2004ರಲ್ಲಿ ಹಾಗೆಯೇ ಸಿದ್ಧವಾಗಿತ್ತೆಂದು ತಡವಾಗಿ ತಿಳಿದು ನಾಚಿದೆವು. ಅಣ್ಣನವರು ಅಂತರಂಗ ಬಹಿರಂಗ ಶುದ್ಧಿಗೆ ಏಳು ನಿಷೇಧಗಳನ್ನು ಹೇಳುವಾಗ ಕಳವನ್ನೇ ಮೊದಲಿಗೆ ಇರಿಸಿದ್ದಾರೆ. ಕೊಳ್ಳುವ ಶಕ್ತಿಯುಳ್ಳವರು ಬೆಲೆ ಕೊಟ್ಟು ಕೊಳ್ಳಲಿ. ಅದರಲ್ಲಿ ತಪ್ಪೇನೂ ಇಲ್ಲ. ಶಕ್ತಿಯಿಲ್ಲದವರು ಕದಿಯಬೇಕಾದ ಅವಶ್ಯಕತೆ ಇಂದು ಉಳಿದಿಲ್ಲ. ನೂರಾರು ಜನರ ಕಾಯಕವು ಇಲ್ಲಿ ದಾಸೋಹವಾಗಿ ಬಡಿಸಿ ಇಟ್ಟಿದೆ.

ಎಚ್ಚರದ ಕೆಲವು ಮಾತುಗಳು

ಗುಣವನ್ನು ಹೇಳಿದ ಮೇಲೆ ಎಚ್ಚರವನ್ನೂ ಹೇಳಬೇಕು. ಔರಾದ ತಾಲೂಕಿನ ಒಂದು ಹಳ್ಳಿಯ ಮಹಿಳಾ ಸಂಘದವರು ತಮ್ಮ ಉಳಿತಾಯ, ಸಾಲದ ಲೆಕ್ಕವನ್ನು ಕ್ಯಾಲ್ಕಿನಲ್ಲಿ ಬರೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದಾರೆ. ಒಮ್ಮೆ ಟೈಪಿಂಗ್ ಅಂಗಡಿಯ ಯಂತ್ರದಲ್ಲಿ ಅದನ್ನು ತೆರೆದು ಮುಚ್ಚಿ ಬಂದರು. ಮರುದಿನ ಅಲ್ಲಿಗೆ ಹೋದ ಬೇರೊಬ್ಬರಿಗೆ ಸ್ಟಾರ್ಟ್ ಸೆಂಟರಿನ ಸಣ್ಣ ಚಿತ್ರದಲ್ಲಿ ಸಂಘದ ಹೆಸರು, ಸಾಲಗಾರರ ಯಾದಿ ಎಂಬ ತಲೆಬರಹ ಕಾಣಿಸಿದವು. ಊರಲ್ಲಿ ಮಾತಾಯಿತು, ಒಬ್ಬ ತಾಯಿ ಸಂಘವನ್ನೇ ಬಿಡಲು ಹೊರಟಿದ್ದಳು. ಸಮಾಧಾನ ಮಾಡಲು ವಾರ ಹಿಡಿಯಿತು. ಆದುದರಿಂದ ಪರರ ಯಂತ್ರದಲ್ಲಿ ಕೆಲಸ ಮಾಡಿದವರು ಏಳುವ ಮುನ್ನ ಇತ್ತೀಚಿನ ಕಡತಗಳ ಪಟ್ಟಿಯನ್ನು ಅಳಿಸಬೇಕು. ಅದಕ್ಕೆ ಆ ಕಿಟಕಿಯಲ್ಲಿಯೇ ಅನುಕೂಲವಿದೆ. ಪಟ್ಟಿಯನ್ನು ಅಳಿಸಿದರೆ ಕಡತವು ಅಳಿಯುವುದಿಲ್ಲ. ಅದರ ಸುಳಿವು ಮಾತ್ರ ಹೋಗುತ್ತದೆ.

ಎರಡನೆಯದಾಗಿ, ಇದರ ಸ್ವಂತ ಕಡತಗಳು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಒ.ಡಿ.ಎಫ್. ಎಂಬ ಮುಕ್ತ ರೂಪದಲ್ಲಿ ಉಳಿಯುತ್ತವೆ. ನಾಳೆ ಈ ತಂತ್ರಾಂಶವೇ ಇಲ್ಲವಾದರೂ ಆ ರೂಪವನ್ನು ಓದುವ ವಿಧಾನವು ಲೋಕಕ್ಕೆ ತಿಳಿದಿರುತ್ತದೆ. ಆದರೆ ಕಚೇರಿಗಳಿಗೆ ವರ್ಡ್ ರೂಪದ ಕಡತ ಬೇಕೆಂದಾಗ ಆ ರೂಪದಲ್ಲಿ ಉಳಿಸಿ ಕೊಡಬೇಕಾಗುತ್ತದೆ; ಆಗ ಕೋಷ್ಟಕ, ಪುಟದ ಅಳತೆ ಅತ್ತಿತ್ತ ಆಗುವುದುಂಟು. ತಿದ್ದುವ ಅವಶ್ಯಕತೆ ಇಲ್ಲದ ಪತ್ರಗಳನ್ನು ಪಿ.ಡಿ.ಎಫ್. ಮಾಡಿ ಕಳಿಸುವುದು ಕ್ಷೇಮ. ಮೂರನೆಯದಾಗಿ, ಲಿಬ್ರೆಆಫೀಸ್ ಡಾಟ್ ಆರ್ಗ್ ಎಂಬ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಅನ್ಯ ತಾಣಗಳನ್ನು ನಂಬಬಾರದು.

ಕೊನೆಯದಾಗಿ, ಮುಕ್ತ ತಂತ್ರಾಂಶವಾದ ಮಾತ್ರಕ್ಕೆ ಕಡತವು ಅಮರವಾಗುವುದಿಲ್ಲ. ಬೀದರ ನಗರದ ನಡುವೆ 1472ರಲ್ಲಿ ಮಹಮೂದ ಗವಾನರು ಕಟ್ಟಿಸಿದ ಮದರಸಾವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ಹಸ್ತಪ್ರತಿಗಳ ದೊಡ್ಡ ಭಂಡಾರವೇ ಅಲ್ಲಿತ್ತು. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಸಿಡಿಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಪಾರ್ಶ್ವವೇ ಕುಸಿಯಿತು. ಇಂದು ಉಳಿದ ಗೋಡೆಯ ಬಣ್ಣದ ಹೆಂಚುಗಳನ್ನು ನೋಡಬಹುದು, ಗ್ರಂಥಗಳು ಇಲ್ಲ. ಒಂದೇ ಸ್ಥಳದಲ್ಲಿಟ್ಟ ಬರಹಕ್ಕೆ ಒಂದೇ ಆಪತ್ತು ಸಾಕು. ಆದಕಾರಣ ಪ್ರತಿಯೊಂದು ಮುಖ್ಯ ಕಡತದ ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇರಿಸಬೇಕು; ಮುದ್ರಿಸಿದ ಒಂದು ಪ್ರತಿಯೂ ಇರಲಿ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ತಿಂಗಳು ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಸಿ.ಡಿ., ಪೆನ್‌ಡ್ರೈವುಗಳಿದ್ದರೆ ಹೊರತೆಗೆಯಿರಿ. ಹಿರಿಯರ ಆತ್ಮವೃತ್ತ, ಸಂಘದ ನಡಾವಳಿ, ಭಜನೆಯ ಪದಗಳ ಸಂಗ್ರಹ ಏನೇ ಇರಲಿ, ಕಲಿತ ಮಕ್ಕಳನ್ನು ಕೂರಿಸಿಕೊಂಡು ಒಂದೇ ಒಂದು ಕಡತವನ್ನು ಯೂನಿಕೋಡಿಗೆ ತಿರುಗಿಸಿ, ಮುಕ್ತ ರೂಪದಲ್ಲಿ ಉಳಿಸಿರಿ. ನಮ್ಮ ಪ್ರವಚನದ ಕಟ್ಟಿನಲ್ಲಿ ಹದಿನಾರು ಪುಟಗಳು ಸಿ.ಡಿ.ಯ ದೋಷದಿಂದ ಮರಳಿ ಬರಲೇ ಇಲ್ಲ. ಕೈಬರಹದ ಹಾಳೆಗಳೂ ಆ ವೇಳೆಗೆ ಗೆದ್ದಲಿನ ಪಾಲಾಗಿದ್ದವು. ಉಳಿದುದು ಪುಸ್ತಕವಾಗಿದೆ. ಕಳೆದ ಪುಟಗಳ ಸ್ಥಳವನ್ನು ಅದರಲ್ಲಿ ಬರಿದಾಗಿಯೇ ಬಿಟ್ಟಿದ್ದೇವೆ, ನೋಡಿದವರಿಗೆ ಎಚ್ಚರವಾಗಲೆಂದು.